ಸಂಶೋಧನಾ ಡೇಟಾದ ಖರ್ಚು ಲೆಕ್ಕ ಹಾಕಲು ಯುಕೆ ಡೇಟಾ ಸರ್ವಿಸ್‌ನ ಪಟ್ಟಿ: ಪುಣೆಯ ಪ್ರಪೋಸಲ್‌ಗೆ ಎಷ್ಟು ಒದಗುತ್ತದೆ?

ಬಜೆಟ್ ಬರೆಯುವಾಗ ಡೇಟಾ ಅನ್ನುವ ಸಾಲಿನ ಮುಂದೆ ‘ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್, 2 ನಗ, 15,000 ರೂ.’ ಎಂದು ಗೀಚಿ ಮುಂದಕ್ಕೆ ಹೋಗುವುದು ಪುಣೆಯ ಸಂಶೋಧನಾ ಸಂಸ್ಥೆಗಳಲ್ಲಿ ಇವತ್ತಿಗೂ ರೂಢಿ. ಪಾಷಾಣ್ ಬಡಾವಣೆಯ ಲ್ಯಾಬ್ ಇರಲಿ, ಡೆಕ್ಕನ್ ಕಡೆಯ ಸಮಾಜವಿಜ್ಞಾನದ ವಿಭಾಗ ಇರಲಿ, ಇದರಲ್ಲಿ ಭೇದವಿಲ್ಲ. ಆ ರೂಢಿ ಬಿಡಿಸುವ ಸಾಧನಗಳಲ್ಲಿ ಹಳೆಯದೂ ಸರಳವೂ ಆದದ್ದು ಬ್ರಿಟನ್ನಿನ ಸಂಶೋಧನಾ ಡೇಟಾ ಭಂಡಾರ ಯುಕೆ ಡೇಟಾ ಸರ್ವಿಸ್ ಹೊರತಂದಿರುವ ‘ಡೇಟಾ ಮ್ಯಾನೇಜ್‌ಮೆಂಟ್ ಕಾಸ್ಟಿಂಗ್ ಟೂಲ್ ಅಂಡ್ ಚೆಕ್‌ಲಿಸ್ಟ್’. ಎಸೆಕ್ಸ್ ವಿಶ್ವವಿದ್ಯಾಲಯದಿಂದ ಬಂದದ್ದು. ಪಿಡಿಎಫ್ ಪುಕ್ಕಟೆ ಸಿಗುತ್ತದೆ. ಹೆಸರಲ್ಲಿ ಟೂಲ್ ಇದ್ದರೂ ಇದು ಸಾಫ್ಟ್‌ವೇರ್ ಅಲ್ಲ, ಕೆಲವೇ ಪುಟಗಳ ಕೋಷ್ಟಕ. ಕೂಡಿಸುವುದು, ಗುಣಿಸುವುದು ಎಲ್ಲ ನಿಮ್ಮ ಎಕ್ಸೆಲ್‌ನಲ್ಲೇ ಆಗಬೇಕು.

ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಸಂದರ್ಶನ, ಸಮೀಕ್ಷೆ, ಹಳೆ ಕಾಗದಪತ್ರದ ಪ್ರಾಜೆಕ್ಟ್‌ಗಳಿಗೆ ಐದಕ್ಕೆ ನಾಲ್ಕು. ಮೈಕ್ರೋಸ್ಕೋಪ್, ಸೀಕ್ವೆನ್ಸಿಂಗ್‌ನಂಥ ಟೆರಾಬೈಟ್ ಉಗುಳುವ ಲ್ಯಾಬ್‌ಗಳಿಗೆ ಎರಡು, ಅದೂ ಧಾರಾಳವಾಗಿ.

ಪಟ್ಟಿಯ ನಡಿಗೆ ಸರಳ. ದಾಖಲೀಕರಣ, ಮೆಟಾಡೇಟಾ (ಡೇಟಾದ ಬಗೆಗಿನ ವಿವರ), ಒಪ್ಪಿಗೆ ಪತ್ರ, ಗುರುತು ಮರೆಸುವುದು, ಲಿಪ್ಯಂತರ (ಧ್ವನಿಮುದ್ರಣ ಕೇಳಿ ಬರೆದಿಳಿಸುವುದು), ಡಿಜಿಟೈಸೇಶನ್, ಕಡತದ ಫಾರ್ಮ್ಯಾಟ್, ಬ್ಯಾಕಪ್, ಭದ್ರತೆ, ಕೃತಿಸ್ವಾಮ್ಯ, ಹಂಚಿಕೆ ಎಂದು ಒಂದೊಂದು ಕೆಲಸಕ್ಕೂ ಒಂದೊಂದು ಸಾಲು. ನಿಮಗೆ ಅನ್ವಯಿಸುವ ಸಾಲುಗಳಿಗೆ ಟಿಕ್ ಹಾಕಿ, ಪ್ರತಿಯೊಂದಕ್ಕೂ ಎಷ್ಟು ಹೊತ್ತು ಅಥವಾ ಎಷ್ಟು ದುಡ್ಡು ಬೇಕೆಂದು ಬರೆಯಬೇಕು. ಇದರ ನಿಜವಾದ ಜಾಣತನ ಇರುವುದು ಲೆಕ್ಕದ ಎರಡು ದಾರಿಗಳಲ್ಲಿ. ಒಂದು, ಡೇಟಾ ಹುಟ್ಟಿದಲ್ಲಿಂದ ಅದನ್ನು ಇನ್ನೊಬ್ಬರ ಕೈಗೆ ಕೊಡುವವರೆಗಿನ ಎಲ್ಲ ಖರ್ಚು. ಇನ್ನೊಂದು, ನಿಮ್ಮ ಸಂಶೋಧನೆಗೆ ಹೇಗೂ ಬೇಕಾಗುವುದನ್ನು ಬಿಟ್ಟು, ಡೇಟಾ ಉಳಿಸಲು ಮತ್ತು ಹಂಚಲು ತಗಲುವ ಹೆಚ್ಚುವರಿ ಖರ್ಚು ಮಾತ್ರ. ಯಾವ ದಾರಿ ಹಿಡಿದಿದ್ದೀರಿ ಎಂದು ಪ್ರಪೋಸಲ್‌ನಲ್ಲಿ ಒಂದು ಸಾಲು ಬರೆಯದಿದ್ದರೆ ಪರಿಶೀಲಕರು ‘ಇಷ್ಟೇಕೆ?’ ಎಂದು ಕೆಂಪು ಗೆರೆ ಎಳೆಯುವುದು ಖಚಿತ.

ಪುಣೆಯ ಅಂಕಿಗಳನ್ನೇ ಹಾಕಿ ನೋಡೋಣ. ಕಲಬುರಗಿ, ವಿಜಯಪುರ ಕಡೆಯಿಂದ ಬಂದು ಇಲ್ಲಿ ಕಟ್ಟಡ ಕೆಲಸ ಮಾಡುವ ಕನ್ನಡಿಗರ ಬಗ್ಗೆ ಒಂದು ಅಧ್ಯಯನ ಎಂದುಕೊಳ್ಳಿ: 40 ಸಂದರ್ಶನ, ತಲಾ 75 ನಿಮಿಷ, ಒಟ್ಟು 50 ತಾಸು ಧ್ವನಿಮುದ್ರಣ. 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೋ ವೇವ್ ಕಡತ ತಾಸಿಗೆ ಸುಮಾರು 1 ಜಿಬಿ ತಿನ್ನುತ್ತದೆ. ಅಂದರೆ ಇಡೀ ಪ್ರಾಜೆಕ್ಟ್ 52 ಜಿಬಿ. ಇದು ಪೆನ್ ಡ್ರೈವ್‌ನಲ್ಲಿ ಹಿಡಿಸುವಷ್ಟು; ಡಿಸ್ಕ್ ಇಲ್ಲಿ ಖರ್ಚೇ ಅಲ್ಲ.

ಖರ್ಚು ಇರುವುದು ಕಿವಿಯಲ್ಲಿ. ‘ಮುಂಜಾನೆ ಕೂಲಿ ನಾಕಾದಾಗ ನಿಂತ್ರ ಮುಕಾದಮ ಬಂದು ಕರ್ಕೊಂಡು ಹೋಗ್ತಾನ್ರಿ, ಹಪ್ತಾಕ್ಕೊಮ್ಮೆ ಪಗಾರ’ ಎನ್ನುವ ಮಾತಿಗೆ ಹಿಂದೆ ಡ್ರಿಲ್ಲಿಂಗ್ ಸದ್ದು, ಮಗುವಿನ ಅಳು ಸೇರಿದರೆ ತಾನಾಗಿ ಬರೆಯುವ ತಂತ್ರಾಂಶದ ಪ್ರತಿಯನ್ನು ತಿದ್ದುವುದಕ್ಕಿಂತ ಹೊಸದಾಗಿ ಬರೆಯುವುದೇ ಲೇಸು. ಒಂದು ತಾಸಿನ ಮಾತಿಗೆ 8 ತಾಸು ಹಿಡಿಯಿರಿ. ಇಂಗ್ಲಿಷ್ ಸಂದರ್ಶನಕ್ಕೆ ಹೇಳುವ 4-6 ತಾಸಿನ ಅಂದಾಜನ್ನು ಇಲ್ಲಿಗೆ ತಂದರೆ ಅರ್ಧ ದಾರಿಯಲ್ಲೇ ದುಡ್ಡು ಮುಗಿಯುತ್ತದೆ. 50 ತಾಸಿಗೆ 400 ತಾಸು. ದಿನಕ್ಕೆ 8 ತಾಸು ಹೆಡ್‌ಫೋನ್ ಹಾಕಿ ಕೂರುವುದು ಯಾರಿಂದಲೂ ಆಗದು, 6 ತಾಸು ಹಿಡಿದರೆ 67 ದಿನ. ಈ ಕೆಲಸಕ್ಕೆ ಮಹಾರಾಷ್ಟ್ರದ ಗಡಿಯ ಜತ್ತ, ಅಕ್ಕಲಕೋಟ ಕಡೆಯ ವಿದ್ಯಾರ್ಥಿಗಳಿಗಿಂತ ಒಳ್ಳೆಯವರು ಸಿಗಲಿಕ್ಕಿಲ್ಲ; ಕನ್ನಡ, ಮರಾಠಿ ಎರಡೂ ಅವರ ಮನೆಯೊಳಗಿನವು.

ದರಕ್ಕೆ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋ, ಅಂದರೆ ಕಿರಿಯ ಸಂಶೋಧಕ) ಅಳತೆ ಹಿಡಿಯೋಣ: 2023ರಿಂದ ತಿಂಗಳಿಗೆ 37,000, ಅದರ ಮೇಲೆ ಪುಣೆಯಂಥ ಎಕ್ಸ್ ದರ್ಜೆ ನಗರದ ಶೇ. 30 ಮನೆ ಬಾಡಿಗೆ ಭತ್ಯೆ, ಒಟ್ಟು 48,100. ಭತ್ಯೆ ಮರೆತು ಬರಿ 37,000 ಬರೆಯುವವರು ಕಡಿಮೆಯೇನಲ್ಲ. 22 ದಿನಕ್ಕೆ ಭಾಗಿಸಿದರೆ ದಿನಕ್ಕೆ ಸುಮಾರು 2,186. ಲಿಪ್ಯಂತರಕ್ಕೆ 1.46 ಲಕ್ಷ. ಗುರುತು ಮರೆಸಲು ಸಂದರ್ಶನಕ್ಕೆ 4 ತಾಸಿನಂತೆ 58,300. ತಲಾ 2 ತಾಸಿನ ಇಂಗ್ಲಿಷ್ ಸಾರಾಂಶಕ್ಕೆ 29,100. ಸಂದರ್ಶನ ಮುಗಿದ ಕೂಡಲೇ 15 ನಿಮಿಷದಲ್ಲಿ ವಿವರ ತುಂಬುವುದಾದರೆ ಮೆಟಾಡೇಟಾಕ್ಕೆ 3,600. ಕೊನೆಗೆ ತುಂಬುತ್ತೇವೆ ಎಂದರೆ ಮತ್ತೆ ಎಲ್ಲ ಕೇಳಬೇಕು, ಆಗ ಈ ಅಂಕಿ ಸುಳ್ಳಾಗುತ್ತದೆ. ಡಿಸ್ಕಿನ 15,000 ಸೇರಿಸಿದರೆ ಮೊದಲ ದಾರಿಯಲ್ಲಿ ಸುಮಾರು 2.52 ಲಕ್ಷ. ಲಿಪ್ಯಂತರವೂ ಡಿಸ್ಕೂ ಸಂಶೋಧನೆಗೆ ಹೇಗೂ ಬೇಕು ಎಂದು ಎರಡನೇ ದಾರಿ ಹಿಡಿದರೆ ಸುಮಾರು 91,000.

ಒಟ್ಟು ಸಂಶೋಧನಾ ವೆಚ್ಚದ ಸರಾಸರಿ ಶೇ. 5ರಷ್ಟು ಡೇಟಾ ನಿರ್ವಹಣೆಗೆ ಎತ್ತಿಡಬೇಕೆಂದು ಯುರೋಪಿನ ಓಪನ್ ಸೈನ್ಸ್ ಕ್ಲೌಡ್‌ನ ತಜ್ಞರ ಸಮಿತಿ 2016ರಲ್ಲಿ ಹೇಳಿತ್ತು. ನಮ್ಮಲ್ಲಿ ಅದನ್ನು ಪ್ರತಿ ಪ್ರಾಜೆಕ್ಟ್‌ಗೂ ಮಂತ್ರದಂತೆ ಜಪಿಸುತ್ತಾರೆ. ಅದು ಇಡೀ ವ್ಯವಸ್ಥೆಯ ಸರಾಸರಿ. ಮೇಲಿನ ಅಧ್ಯಯನದ ಬಜೆಟ್ 10 ಲಕ್ಷ ಇದ್ದರೆ ಶೇ. 5 ಅಂದರೆ 50,000. ಗುರುತು ಮರೆಸುವುದಕ್ಕೂ ಸಾಲದು. ಹೀಗೆ ಸಾಲು ಸಾಲಾಗಿ ಎಣಿಸಿದಾಗ ಮಾತ್ರ ಇದು ಕಣ್ಣಿಗೆ ಬೀಳುತ್ತದೆ, ಪಟ್ಟಿಗೆ ನಾಲ್ಕು ಅಂಕ ಕೊಟ್ಟದ್ದೂ ಇದಕ್ಕೇ.

ಗುರುತು ಮರೆಸಲು 4 ತಾಸು ಹೆಚ್ಚಾಯಿತು ಅನ್ನಿಸಬಹುದು. ಹೆಸರು ಅಳಿಸುವುದಷ್ಟೇ ಕೆಲಸವಾಗಿದ್ದರೆ ಅರ್ಧ ತಾಸು ಸಾಕಿತ್ತು. ಆದರೆ ‘ಇಂಡಿ ತಾಲ್ಲೂಕು, ವಾರ್ಜೆಯ ನಾಕಾ, ಗಂಡ ಲಿಫ್ಟ್ ಗುಂಡಿಗೆ ಬಿದ್ದು ತೀರಿಕೊಂಡ, ಮೂರು ಹೆಣ್ಣುಮಕ್ಕಳು’ ಎಂಬಷ್ಟು ಉಳಿದರೂ ಆ ವಸ್ತಿಯವರಿಗೆ ಯಾರೆಂದು ತಿಳಿಯುತ್ತದೆ. ಊರನ್ನು ಜಿಲ್ಲೆಗೆ ಏರಿಸಬೇಕು, ಅಪಘಾತವನ್ನು ಸಡಿಲವಾಗಿ ಹೇಳಬೇಕು, ಏನು ಬದಲಿಸಿದೆವು ಎಂಬ ಪಟ್ಟಿಯನ್ನು ಬೇರೆ ಕಡೆ ಬೀಗ ಹಾಕಿ ಇಡಬೇಕು, ಆಮೇಲೆ ಎರಡನೆಯವರೊಬ್ಬರು ಓದಬೇಕು.

ಒಪ್ಪಿಗೆ ಪತ್ರದ ಸಾಲನ್ನು ಮಾತ್ರ ಹಾಗೆಯೇ ನಕಲು ಮಾಡಬೇಡಿ, ಅದರ ಹಿಂದಿರುವುದು ಬ್ರಿಟನ್ನಿನ ಕಾನೂನು. ಇಲ್ಲಿ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ 17(2)(ಬಿ) ಸಂಶೋಧನೆಗೆ ವಿನಾಯಿತಿ ಕೊಡುತ್ತದೆ. ಆದರೆ ಆ ಡೇಟಾದಿಂದ ಯಾವುದೇ ನಿರ್ದಿಷ್ಟ ವ್ಯಕ್ತಿಯ ಕುರಿತು ತೀರ್ಮಾನ ಕೈಗೊಳ್ಳಬಾರದು, ನಿಗದಿತ ಮಾನದಂಡ ಪಾಲಿಸಬೇಕು ಎಂಬ ಷರತ್ತಿದೆ. ಕಾಯ್ದೆಗಿಂತ ಹೆಚ್ಚು ದುಡ್ಡು ತಿನ್ನುವುದು ನಮೂನೆಯ ಒಂದು ಕೊರತೆ: ಸಂದರ್ಶನಕ್ಕೆ ಒಪ್ಪಿಗೆ, ಡೇಟಾವನ್ನು ಬೇರೆಯವರಿಗೆ ಕೊಡಲು ಒಪ್ಪಿಗೆ ಎಂದು ಎರಡು ಬೇರೆ ಚೌಕಗಳು ಇಲ್ಲದಿರುವುದು. ಎರಡನೆಯದನ್ನು ಆಮೇಲೆ ಕೇಳಲು ಹೊರಟರೆ, ಸೈಟ್ ಮುಗಿದು ಜನ ಚಾಕಣಕ್ಕೋ ಊರಿಗೋ ಹೋಗಿರುತ್ತಾರೆ. ಆ ಪ್ರಯಾಣದ ಖರ್ಚು ಯಾವ ಹೆಡ್‌ನಲ್ಲೂ ಇರುವುದಿಲ್ಲ. ಕನ್ನಡ, ಮರಾಠಿ ಎರಡರಲ್ಲೂ ನಮೂನೆ ಮಾಡಿಸಿ, ಓದಿ ಹೇಳಿದ ಧ್ವನಿಮುದ್ರಣವನ್ನೂ ಇಡಿ.

ಇನ್ನು ಲ್ಯಾಬ್‌ಗಳ ಕಡೆ. ಸಂಗ್ರಹಣೆ, ಬ್ಯಾಕಪ್ ಸಾಲುಗಳಲ್ಲಿ ಪಟ್ಟಿಯ ಉಪದೇಶ ಹೆಚ್ಚುಕಡಿಮೆ ‘ನಿಮ್ಮ ಸಂಸ್ಥೆಯನ್ನು ಕೇಳಿ’ ಎಂಬಲ್ಲಿಗೆ ನಿಲ್ಲುತ್ತದೆ. ಸಂಸ್ಥೆಯ ಐಟಿ ವಿಭಾಗ ‘ನೀವೇ ಪ್ರಾಜೆಕ್ಟ್‌ನಿಂದ ಕೊಳ್ಳಿ’ ಅನ್ನುತ್ತದೆ. ಲೆಕ್ಕ ಹೀಗೆ: 2048×2048 ಪಿಕ್ಸೆಲ್, 16 ಬಿಟ್ ಕ್ಯಾಮೆರಾದ ಒಂದು ಚೌಕಟ್ಟು 8.4 ಎಂಬಿ. ಸೆಕೆಂಡಿಗೆ 100 ಚೌಕಟ್ಟು ಹಿಡಿದರೆ ತಾಸಿಗೆ 3 ಟಿಬಿ. ನಾಲ್ಕು 8 ಟಿಬಿ ಡಿಸ್ಕಿನ ನ್ಯಾಸ್ (ನೆಟ್ವರ್ಕ್ ಮೂಲಕ ಬಳಸುವ ಸಂಗ್ರಹಣೆ) ಪೆಟ್ಟಿಗೆಯನ್ನು, ಎರಡು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವ ರೇಡ್ 6 ಜೋಡಣೆಯಲ್ಲಿ ಕಟ್ಟಿದರೆ ಸಿಗುವುದು 16 ಟಿಬಿ, ಶೇ. 80ಕ್ಕಿಂತ ಹೆಚ್ಚು ತುಂಬಬಾರದೆಂದರೆ 12.8. ಅಂದರೆ ನಾಲ್ಕು ತಾಸಿನ ಪ್ರಯೋಗಕ್ಕೆ ಪೆಟ್ಟಿಗೆ ಭರ್ತಿ. ಆದ್ದರಿಂದ ಇಂಥ ಲ್ಯಾಬ್‌ನವರು ಈ ಪಟ್ಟಿಗೆ ಒಂದು ಸಾಲು ಸೇರಿಸಲೇಬೇಕು: ಯಾವುದನ್ನು, ಯಾವಾಗ, ಯಾರು ಅಳಿಸುತ್ತಾರೆ. ಮೂಲ ಚೌಕಟ್ಟುಗಳಲ್ಲಿ ಖಾಲಿ ಜಾಗ ಕತ್ತರಿಸಿ, ಮಾಹಿತಿ ಕಳೆಯದಂತೆ ಸಂಕುಚಿಸಿ ಇಟ್ಟರೆ ಎಷ್ಟಾಗುತ್ತದೆ ಎಂದು ಒಂದು ನಮೂನೆ ಓಡಿಸಿ ನೋಡಿದ ಮೇಲೆಯೇ ಕೊಟೇಶನ್ ಕೇಳಿ.

ರೇಡ್ ಬ್ಯಾಕಪ್ ಅಲ್ಲ. ಇನ್ನೊಂದು ಪೆಟ್ಟಿಗೆ ಇನ್ನೊಂದು ಕಟ್ಟಡದಲ್ಲಿ ಬೇಕು, ಅದೂ ನೆಲಮಾಳಿಗೆಯಲ್ಲಲ್ಲ; 2024ರ ಜುಲೈನಲ್ಲಿ ಖಡಕವಾಸಲಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಸಿಂಹಗಡ ರಸ್ತೆಯ ಏಕತಾನಗರಿಗೆ ನೀರು ನುಗ್ಗಿದ್ದು ಎಲ್ಲರಿಗೂ ಗೊತ್ತು. ಎಂಟು ಡಿಸ್ಕ್, ಮೇಲೆ ಎರಡು ಬಿಡಿ ಡಿಸ್ಕ್, ಹತ್ತರ ಬಿಲ್ ಆಯಿತು. ಮುಂಬೈಯ ಲ್ಯಾಮಿಂಗ್ಟನ್ ರಸ್ತೆಯಲ್ಲೋ ಪುಣೆಯ ತಾಪಕೀರ ಗಲ್ಲಿಯಲ್ಲೋ ಕೊಂಡರೆ ಅಗ್ಗವಾಗಬಹುದು. ಪಕ್ಕಾ ಬಿಲ್ ತೆಗೆದುಕೊಳ್ಳುವ ಮುಂಚೆ ಸೀರಿಯಲ್ ನಂಬರ್ ಅನ್ನು ತಯಾರಕರ ಜಾಲತಾಣದಲ್ಲಿ ಹಾಕಿ ಭಾರತದ ವಾರಂಟಿ ಇದೆಯೇ ನೋಡಿ. ಇಂಡೆಂಟ್‌ನಲ್ಲಿ ‘ಸಿಎಂಆರ್ ಮಾತ್ರ’ ಎಂದು ಬರೆಯಿರಿ; ಅಂದರೆ ಟ್ರ್ಯಾಕುಗಳು ಬಿಡಿಬಿಡಿಯಾಗಿರುವ ಡಿಸ್ಕ್. ಎಸ್‌ಎಂಆರ್ ಡಿಸ್ಕಿನಲ್ಲಿ ಟ್ರ್ಯಾಕುಗಳು ಹಂಚಿನಂತೆ ಒಂದರ ಮೇಲೊಂದು ಸರಿದಿರುವುದರಿಂದ, ಒಂದು ಕಡೆ ತಿದ್ದಲು ಪಕ್ಕದ್ದನ್ನೂ ಮತ್ತೆ ಬರೆಯಬೇಕು. ರೇಡ್ ಮರುಕಟ್ಟುವಾಗ ಡಿಸ್ಕ್ ನಿಧಾನವಾಗಿ, ಸತ್ತಿತೆಂದು ಪೆಟ್ಟಿಗೆ ಅದನ್ನು ಹೊರಗಟ್ಟುತ್ತದೆ. ನ್ಯಾಸ್‌ಗೆಂದೇ ಮಾರುವ ವೆಸ್ಟರ್ನ್ ಡಿಜಿಟಲ್ ರೆಡ್‌ನ 2ರಿಂದ 6 ಟಿಬಿ ಮಾದರಿಗಳಲ್ಲಿ ಕೆಲವು ಎಸ್‌ಎಂಆರ್ ಎಂದು 2020ರಲ್ಲಿ ಹೊರಬಿದ್ದಿತ್ತು, ಹಾಗಾಗಿ ಸರಣಿಯ ಹೆಸರು ಸಾಲದು, ಮಾದರಿ ಸಂಖ್ಯೆ ಬೇಕು.

ತೆರಿಗೆಯ ವಿಷಯದಲ್ಲಿ ಹಳೆಯ ಪ್ರಪೋಸಲ್ ನಕಲು ಮಾಡುವುದು ಅಪಾಯ. ಸರ್ಕಾರಿ ಸಂಶೋಧನಾ ಸಂಸ್ಥೆಗಳಿಗೆ ವೈಜ್ಞಾನಿಕ ಸಲಕರಣೆ ಮೇಲಿದ್ದ ಶೇ. 5ರ ರಿಯಾಯಿತಿ ಜಿಎಸ್‌ಟಿ 2022ರ ಜುಲೈ 18ರಿಂದ ಇಲ್ಲ, ಡಿಸ್ಕ್, ನ್ಯಾಸ್ ಪೆಟ್ಟಿಗೆಗೆ ಈಗ ಶೇ. 18. ನಾಲ್ಕು ಲಕ್ಷದ ಸಾಮಾನಿಗೆ 52,000 ಅಲ್ಲೇ ಕೊರತೆ ಬೀಳುತ್ತದೆ. ಕ್ಲೌಡ್ ಆಯ್ದರೆ ಇಡುವ ದರವನ್ನಷ್ಟೇ ನೋಡಬೇಡಿ. ಅಮೆಜಾನ್‌ನ ಗ್ಲೇಷಿಯರ್ ಡೀಪ್ ಆರ್ಕೈವ್‌ನಲ್ಲಿ ಕನಿಷ್ಠ 180 ದಿನದ ಬಾಡಿಗೆ ಕಟ್ಟಲೇಬೇಕು, ತೆಗೆಯಲು ಸಾಮಾನ್ಯ ದಾರಿಯಲ್ಲಿ 12 ತಾಸು, ಅಗ್ಗದ ದಾರಿಯಲ್ಲಿ 48 ತಾಸಿನವರೆಗೆ ಕಾಯಬೇಕು, ಹೊರಗೆ ಇಳಿಸಿಕೊಳ್ಳುವ ಪ್ರತಿ ಜಿಬಿಗೂ ಬೇರೆ ಶುಲ್ಕ. ಇಡೀ ಸಂಗ್ರಹವನ್ನು ಒಮ್ಮೆ ಹೊರತೆಗೆಯುವ ಖರ್ಚನ್ನು ಮೊದಲೇ ಬಜೆಟ್‌ನಲ್ಲಿ ಇಡಿ.

ಈ ಪಟ್ಟಿ ನಮ್ಮ ಕಡೆಯವರಿಗೆ ಪೂರ್ತಿ ಕೈಕೊಡುವುದು ಪ್ರಾಜೆಕ್ಟ್ ಮುಗಿದ ಮೇಲಿನ ವರ್ಷಗಳಲ್ಲಿ. ಮೂರು ವರ್ಷಕ್ಕೆ ಯುಸಿ (ಹಣ ಬಳಕೆಯ ಪ್ರಮಾಣಪತ್ರ) ಕೊಟ್ಟು ಖಾತೆ ಮುಚ್ಚಿದ ಮೇಲೆ ನಾಲ್ಕನೇ ವರ್ಷದ ಬಾಡಿಗೆ ಕಟ್ಟುವವರಿಲ್ಲ. ಐದು ವರ್ಷದ್ದನ್ನು ಒಟ್ಟಿಗೆ ಕಟ್ಟಿಬಿಡೋಣವೆಂದರೆ 2017ರ ಸಾಮಾನ್ಯ ಹಣಕಾಸು ನಿಯಮಗಳ 172ನೇ ನಿಯಮ ತೋರಿಸಿ ಅಕೌಂಟ್ಸ್‌ನವರು ಫೈಲ್ ವಾಪಸ್ ಕಳಿಸಬಹುದು. ಖಾಸಗಿ ಕಂಪನಿಗೆ ಮುಂಗಡದ ಮಿತಿ ಸಾಮಾನ್ಯವಾಗಿ ಶೇ. 30. ಅದಕ್ಕೇ ಮುಗಿದ ಡೇಟಾ ಬಾಡಿಗೆಯಿಲ್ಲದ ಭಂಡಾರಕ್ಕೆ ಹೋಗಬೇಕು. ಸಮಾಜವಿಜ್ಞಾನಕ್ಕೆ ಐಸಿಎಸ್‌ಎಸ್‌ಆರ್ ಡೇಟಾ ಸರ್ವಿಸ್ ಇದೆ, ಜೀವವಿಜ್ಞಾನಕ್ಕೆ ಫರೀದಾಬಾದ್‌ನ ಇಂಡಿಯನ್ ಬಯಾಲಾಜಿಕಲ್ ಡೇಟಾ ಸೆಂಟರ್ ಇದೆ, ಎಲ್ಲದಕ್ಕೂ ಯುರೋಪಿನ ಸರ್ನ್ ಸಂಶೋಧನಾ ಸಂಸ್ಥೆಯ ಝೆನೋಡೋ ಇದೆ. ಪುಣೆ ಬಳಿಯ ಜಿಎಂಆರ್‌ಟಿ ರೇಡಿಯೋ ದೂರದರ್ಶಕ ಬಳಸುವ ಖಗೋಳದವರಿಗೆ ವೀಕ್ಷಣಾಲಯದ ಆರ್ಕೈವ್ ಉಂಟು, ಪುಣ್ಯವಂತರು.

ಝೆನೋಡೋದಲ್ಲಿ ಒಂದು ದಾಖಲೆಗೆ 50 ಜಿಬಿ, 100 ಕಡತದ ಮಿತಿ. ನಮ್ಮ ಉದಾಹರಣೆಯ 52 ಜಿಬಿ ಧ್ವನಿ ಅದಕ್ಕೆ ಕೂದಲೆಳೆಯಷ್ಟು ಹೆಚ್ಚು. ವೇವ್ ಅನ್ನು ಫ್ಲಾಕ್‌ಗೆ ಬದಲಿಸಿದರೆ ಗುಣಮಟ್ಟ ಕಳೆಯದೆ ಸಲೀಸಾಗಿ ಒಳಗೆ ಬರುತ್ತದೆ. ಆದರೆ ಧ್ವನಿ ಎಂದರೇ ಗುರುತು. ಅದನ್ನು ನಿರ್ಬಂಧಿತವಾಗಿಯೇ ಇಟ್ಟು, ಗುರುತು ಮರೆಸಿದ ಲಿಪ್ಯಂತರವನ್ನು ಮಾತ್ರ ಬಹಿರಂಗವಾಗಿ ಬೇರೆ ದಾಖಲೆಯಾಗಿ ಏರಿಸಿ. ನಿರ್ಬಂಧಿತ ದಾಖಲೆಗೆ ಯಾರಾದರೂ ಅನುಮತಿ ಕೇಳಿದರೆ ಆ ಇಮೇಲ್‌ಗೆ ಉತ್ತರಿಸುವವರು ಯಾರು ಎಂಬುದನ್ನೂ ಈಗಲೇ ಗೊತ್ತುಮಾಡಿ, ಮುಂದೆ ಬೇರೆ ಊರಿಗೆ ಹೋಗುವ ಜೆಆರ್‌ಎಫ್ ಬದಲು ವಿಭಾಗದ ಖಾಯಂ ವಿಳಾಸವನ್ನು ಕೊಡಿ.