ಬಿಎಲ್‌ಡಿಸಿ ಫ್ಯಾನ್: ಆರು ವರ್ಷ ಬಳಸಿದ ಮೇಲೆ ನನಗೆ ಅನಿಸಿದ್ದು

2019ರ ಮೇ ತಿಂಗಳಲ್ಲಿ ದಾವಣಗೆರೆಯ ನಮ್ಮ ಮನೆಗೆ ಎರಡು ಬಿಎಲ್‌ಡಿಸಿ (ಬ್ರಶ್ ಇಲ್ಲದ ಡಿಸಿ ಮೋಟಾರಿನ) ಸೀಲಿಂಗ್ ಫ್ಯಾನ್ ತಂದೆ. ಒಂದಕ್ಕೆ 2,900 ರೂಪಾಯಿ. ಒಂದು ಹಾಲ್‌ಗೆ, ಇನ್ನೊಂದು ಮಲಗುವ ಕೋಣೆಗೆ. ಊಟದ ಕೋಣೆಯಲ್ಲಿ ಅಪ್ಪ 1988ರಲ್ಲಿ ಹಾಕಿಸಿದ ಫ್ಯಾನ್ ಇತ್ತು, ಅದನ್ನು ಮುಟ್ಟಲಿಲ್ಲ. ಹಾಗಾಗಿ ಹಳೇದು, ಹೊಸದು ಎರಡನ್ನೂ ಒಂದೇ ಮನೆಯಲ್ಲಿ ನೋಡುತ್ತಾ ಬಂದಿದ್ದೇನೆ.

ಹೊಸದರ ಒಳ್ಳೆಯ ಗುಣ ಮೊದಲು ಹೇಳಬೇಕು. ಫುಲ್ ಸ್ಪೀಡಿನಲ್ಲೂ 28 ವ್ಯಾಟ್ ಸಾಕು. ಹಳೇದು 75 ವ್ಯಾಟ್ ತಿನ್ನುತ್ತದೆ. ದಿನಕ್ಕೆ 12 ಗಂಟೆ ಓಡಿಸಿದರೆ ಒಂದು ಫ್ಯಾನಿನಿಂದಲೇ ತಿಂಗಳಿಗೆ ಸುಮಾರು 17 ಯೂನಿಟ್ ಉಳಿಯುತ್ತದೆ. ಕರೆಂಟ್ ಹೋದರೆ ಯುಪಿಎಸ್ ಜಾಸ್ತಿ ಹೊತ್ತು ಬರುತ್ತದೆ. ಬೇಸಿಗೆಯ ಸಂಜೆ ವೋಲ್ಟೇಜ್ ಇಳಿದಾಗ ಹಳೇ ಫ್ಯಾನ್ ನಿಧಾನ ಆಗುತ್ತದೆ, ಹೊಸದರ ಗಾಳಿ ಕಮ್ಮಿಯಾಗುವುದಿಲ್ಲ.

ವಾರಂಟಿ ಮೂರು ವರ್ಷ. 2022ರ ಜುಲೈನಲ್ಲಿ, ವಾರಂಟಿ ಮುಗಿದು ಎರಡು ತಿಂಗಳಿಗೆ, ಒಂದು ಗುಡುಗು ಮಳೆಯ ರಾತ್ರಿ ಮಲಗುವ ಕೋಣೆಯ ಫ್ಯಾನ್ ನಿಂತಿತು. ನಮ್ಮ ಎಲೆಕ್ಟ್ರಿಷಿಯನ್ ಬಿಚ್ಚಿ ನೋಡಿ, "ಸಾರ್, ಮೋಟ್ರು ಚೆನ್ನಾಗಿದೆ, ಒಳಗಿನ ಎಲೆಕ್ಟ್ರಾನಿಕ್ ಬೋರ್ಡು ಹೋಗಿದೆ. ಇದು ನಮಗೆ ಅಂಗಡೀಲಿ ಸಿಗಲ್ಲ, ಕಂಪನಿಯವರೇ ಕೊಡಬೇಕು" ಅಂದರು. ಕಂಪನಿಯವರು ಬಂದು ಬೋರ್ಡ್ ಬದಲಿಸಿದರು. ಎಲ್ಲಾ ಸೇರಿ 1,450 ರೂಪಾಯಿ. ಅಷ್ಟಕ್ಕೆ ಒಂದು ಸಾಧಾರಣ ಫ್ಯಾನೇ ಬರುತ್ತಿತ್ತು.

ಇಲ್ಲೇ ಇರುವುದು ವ್ಯತ್ಯಾಸ. ಹಳೇ ಫ್ಯಾನಿನಲ್ಲಿ ತಾಮ್ರದ ವೈಂಡಿಂಗ್, ಎರಡು ಬೇರಿಂಗ್, ಒಂದು ಕಂಡೆನ್ಸರ್. ಕೆಡುವುದಕ್ಕೆ ಬೇರೇನೂ ಇಲ್ಲ. ಇಷ್ಟು ವರ್ಷದಲ್ಲಿ ಎರಡು ಸಲ ಕಂಡೆನ್ಸರ್, ಒಂದು ಸಲ ಬೇರಿಂಗ್, ಒಂದು ಸಲ ವೈಂಡಿಂಗ್ ಮಾಡಿಸಿದ್ದೇವೆ. ಎಲ್ಲವೂ ಬೀದಿ ಕೊನೆಯ ವೈಂಡಿಂಗ್ ಅಂಗಡಿಯಲ್ಲೇ ಆಯಿತು. ಹೊಸದರಲ್ಲಿ ಮನೆಯ ಕರೆಂಟನ್ನು ಡಿಸಿ ಮಾಡಿ ಮೋಟಾರಿಗೆ ಕೊಡುವ ಬೋರ್ಡ್ ಇದೆ. ಉಳಿತಾಯ ಸಾಧ್ಯವಾಗುವುದೇ ಅದರಿಂದ, ಕೆಡುವುದೂ ಅದೇ. ಸಿಡಿಲಿನ ಹೊಡೆತ, ಏರಿಳಿಯುವ ವೋಲ್ಟೇಜ್, ಸೂರಿನ ಕೆಳಗಿನ ಕಾವು ಎಲ್ಲವನ್ನೂ ಅದು ತಡೆಯಬೇಕು. ಕಾವಿಗೆ ಅದರ ಚಿಕ್ಕ ಕಂಡೆನ್ಸರ್‌ಗಳು ವರ್ಷ ಕಳೆದಂತೆ ಒಣಗುತ್ತವೆ. ಬೋರ್ಡಿನ ಮೇಲೆ ಕಪ್ಪು ಅಂಟು ಸುರಿದು ಗಟ್ಟಿ ಮಾಡಿದ್ದಾರೆ. ತೇವ, ಧೂಳು ಹೋಗಬಾರದು ಅಂತ, ಸರಿ. ಆದರೆ ಒಳಗೆ ಒಂದು ಸಣ್ಣ ಭಾಗ ಸುಟ್ಟರೂ ಇಡೀ ಬೋರ್ಡ್ ಎಸೆಯಬೇಕು.

"ಹಿಂದಿನ ಕಾಲದ್ದೆಲ್ಲ ಗಟ್ಟಿ" ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. 1988ರಲ್ಲಿ ಅಪ್ಪ ತಂದದ್ದು ಮೂರು ಫ್ಯಾನ್. ಎರಡು ಯಾವತ್ತೋ ಗುಜರಿಗೆ ಹೋದವು. ಉಳಿದದ್ದೊಂದೇ ಕಣ್ಣಿಗೆ ಕಾಣುತ್ತದೆ ಅಲ್ವಾ? ಆಗ ಒಂದು ಫ್ಯಾನ್ ಅಂದರೆ ಅಪ್ಪನ ತಿಂಗಳ ಸಂಬಳದಲ್ಲಿ ಮೂರನೇ ಒಂದು ಪಾಲು. ಅಷ್ಟು ಕೊಟ್ಟ ಮೇಲೆ ಯಾರೂ ಸುಮ್ನೆ ಎಸೆಯುತ್ತಿರಲಿಲ್ಲ, ರಿಪೇರಿ ಮಾಡಿಸುತ್ತಿದ್ದರು.

ನನಗೆ ನಿಜಕ್ಕೂ ಬೇಜಾರಾದದ್ದು 2024ರಲ್ಲಿ. ಹಾಲ್ ಫ್ಯಾನಿನ ಬೋರ್ಡೂ ಹೋಯಿತು. ಆ ಮಾಡೆಲ್ ನಿಂತಿದೆ, ಬೋರ್ಡ್ ಇಲ್ಲ, ಹೊಸ ಫ್ಯಾನಿಗೆ ರಿಯಾಯಿತಿ ಕೊಡುತ್ತೇವೆ ಅಂದರು ಕಂಪನಿಯವರು. ಐದೇ ವರ್ಷಕ್ಕೆ! ರೆಕ್ಕೆ ಹೊಸದರಂತಿದೆ. ಕೈಯಲ್ಲಿ ತಿರುಗಿಸಿದರೆ ಮೋಟಾರ್ ಸದ್ದಿಲ್ಲದೆ ತಿರುಗುತ್ತದೆ. ಅದನ್ನು ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. ಆನ್‌ಲೈನಲ್ಲಿ ಎಲ್ಲ ಕಂಪನಿಗೂ ಹೊಂದುವಂಥ ಬೋರ್ಡ್ ಸಿಕ್ಕಿತು, ರಿಮೋಟ್ ಸಮೇತ. ಎಲೆಕ್ಟ್ರಿಷಿಯನ್ ಅರ್ಧ ದಿನ ಕೂತು ಹೊಂದಿಸಿದರು. ಗಾಳಿ ಮೊದಲಿಗಿಂತ ಸ್ವಲ್ಪ ಕಮ್ಮಿ, ಆದರೆ ಓಡುತ್ತಿದೆ.

ಇನ್ನೊಂದು ಫ್ಯಾನ್ ಬೇಕಾದರೆ ಬಿಎಲ್‌ಡಿಸಿಯೇ ತರುತ್ತೇನೆ. ಆದರೆ ಬೋರ್ಡಿಗೆ ಎಷ್ಟು ವರ್ಷ ವಾರಂಟಿ, ಆಮೇಲೆ ಅದೊಂದನ್ನೇ ಮಾರುತ್ತಾರಾ, ಬೆಲೆ ಎಷ್ಟು, ಇಷ್ಟನ್ನು ಅಂಗಡಿಯಲ್ಲಿ ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಂಡು ತರುತ್ತೇನೆ.