ಮಣಿಕರ್ಣಿಕಾ ಘಾಟ್‌ನಲ್ಲಿ ‘ಸೌದೆ ದಾನ’ ಕೇಳುವವರು: ಕಾಶಿಗೆ ಹೊರಟವರು ಓದಿ

ಕಾಶಿಗೆ ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮಣಿಕರ್ಣಿಕಾ ಘಾಟ್ ಹತ್ತಿರ ಯಾರಾದರೂ ತಾವಾಗೇ ಬಂದು, ಬಡವರ ಹೆಣ ಸುಡಲು ಸೌದೆಗೆ ದಾನ ಕೊಡಿ ಅಂದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ಅವರ ಹಿಂದೆ ಯಾವ ಕಟ್ಟಡದ ಮೆಟ್ಟಿಲನ್ನೂ ಹತ್ತಬೇಡಿ.

ಅಪ್ಪ ತೀರಿಹೋದ ಮೇಲೆ ಅಮ್ಮನಿಗೆ ಕಾಶಿಗೆ ಹೋಗಬೇಕು ಅನ್ನುವುದೊಂದೇ ಆಸೆ. ಚಳಿಗಾಲದಲ್ಲಿ ಅಮ್ಮನನ್ನೂ ದೊಡ್ಡಮ್ಮನನ್ನೂ ಕರೆದುಕೊಂಡು ಹೋದೆ. ವಿಶ್ವನಾಥನ ದರ್ಶನ ಚೆನ್ನಾಗಿಯೇ ಆಯ್ತು. ಮಾರನೇ ದಿನ ದಶಾಶ್ವಮೇಧ ಘಾಟ್‌ನಿಂದ ನದಿ ದಂಡೆಯಲ್ಲೇ ನಡೆದುಕೊಂಡು, ಮಣಿಕರ್ಣಿಕಾ ಪಕ್ಕದಲ್ಲಿರುವ, ಒಂದು ಕಡೆಗೆ ವಾಲಿಕೊಂಡಿರುವ ರತ್ನೇಶ್ವರ ದೇವಸ್ಥಾನ ನೋಡಲು ಹೊರಟೆವು. ದೊಡ್ಡಮ್ಮನಿಗೆ ಮಂಡಿ ನೋವು, ಹಾಗಾಗಿ ನಾನು ಅವರ ಕೈ ಹಿಡಿದು ನಿಧಾನಕ್ಕೆ ಬರುತ್ತಿದ್ದೆ, ಅಮ್ಮ ಸ್ವಲ್ಪ ಮುಂದೆ.

ನಮ್ಮ ಮಾತು ಕೇಳಿಸಿಕೊಂಡ ಒಬ್ಬ ಮನುಷ್ಯ, "ಬನ್ನಿ ಅಮ್ಮಾ, ಬೆಂಗಳೂರಾ? ಊಟ ಆಯ್ತಾ?" ಅಂದ. ಅಷ್ಟೇ ಕನ್ನಡ, ಆಮೇಲೆಲ್ಲ ಹಿಂದಿ. ಒಗೆದ ಬಿಳಿ ಜುಬ್ಬಾ, ಹಣೆಗೆ ಗಂಧ. ನಾನು ಗೈಡ್ ಅಲ್ಲ, ನನಗೆ ದುಡ್ಡು ಬೇಡ, ಸಾಯುವವರ ಸೇವೆ ಮಾಡಿಕೊಂಡಿದ್ದೇನೆ ಅಂತ ಅವನೇ ಮೊದಲು ಹೇಳಿದ. ಇಲ್ಲಿ ಫೋಟೋ ತೆಗೆಯಬೇಡಿ, ಸತ್ತವರಿಗೆ ಗೌರವ ಕೊಡಬೇಕು ಅಂದ. ಅದು ಸರಿಯಾದ ಮಾತೇ. ಅದಕ್ಕೇ ಅಮ್ಮನಿಗೆ ನಂಬಿಕೆ ಬಂತು. ಮೇಲಿಂದ ಚೆನ್ನಾಗಿ ಕಾಣುತ್ತದೆ ಬನ್ನಿ ಅಂತ, ಹೊಗೆಯಿಂದ ಗೋಡೆಯೆಲ್ಲ ಕಪ್ಪಾಗಿದ್ದ ಹಳೇ ಕಟ್ಟಡದೊಳಗೆ ಕರೆದುಕೊಂಡು ಹೋದ. ನಾವು ಹಿಂದೆ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಮೇಲೆ ನಡೆಯಬೇಕಾದ್ದೆಲ್ಲ ನಡೆದಿತ್ತು.

ಕಿಟಕಿಯಿಂದ ಕೆಳಗೆ ಚಿತೆಗಳು ಕಾಣುತ್ತವೆ. ಮೂಲೆಯಲ್ಲಿ ಒಬ್ಬ ಮುದುಕಿ ಕೂತಿದ್ದಳು. ಈಕೆ ಸಾವಿಗೆ ಕಾಯುತ್ತಿದ್ದಾಳೆ, ಆಶೀರ್ವಾದ ತಗೊಳ್ಳಿ ಅಂತ ಅಮ್ಮನ ತಲೆ ಬಗ್ಗಿಸಿದ್ದಾನೆ. ಮನೆಯವರು ಅಂತ ಕೇಳಿದ್ದಾನೆ, ತೀರಿಕೊಂಡರು ಅಂದಿದ್ದಾರೆ ಅಮ್ಮ. ಅಲ್ಲಿಗೆ ಅವನಿಗೆ ಬೇಕಾಗಿದ್ದು ಸಿಕ್ಕಿತು. ಒಂದು ಹೆಣಕ್ಕೆ ಇಷ್ಟು ಸೌದೆ ಬೇಕು, ಕೆಜಿಗೆ ಇಷ್ಟು, ನಿಮ್ಮ ಯಜಮಾನರ ಹೆಸರಲ್ಲಿ ಎಷ್ಟು ಕೆಜಿ ಬರೆದುಕೊಳ್ಳಲಿ? ಅಮ್ಮ ಐನೂರರ ನೋಟು ಕೊಟ್ಟರೆ ಅದನ್ನು ಕೈಯಲ್ಲಿ ಮುಟ್ಟದೆ, "ಇಷ್ಟರಲ್ಲಿ ಒಂದು ಕಾಲೂ ಸುಡಲ್ಲ ಮಾತಾಜಿ, ಅವರ ಆತ್ಮ ನೋಡ್ತಾ ಇದೆ" ಅಂದನಂತೆ. ಅಷ್ಟರಲ್ಲಿ ಇಬ್ಬರು ಹುಡುಗರು ಬಾಗಿಲಿಗೆ ಅಡ್ಡ ನಿಂತಿದ್ದರು. ಅಮ್ಮ ಪರ್ಸ್‌ನಲ್ಲಿದ್ದದ್ದನ್ನೆಲ್ಲ ತೆಗೆದು ಕೊಟ್ಟುಬಿಟ್ಟರು. ನಾನು ಬಂದು ರಸೀದಿ ಕೇಳಿದ್ದಕ್ಕೆ, ದಾನಕ್ಕೆ ರಸೀದಿ ಕೇಳುವವರ ಕರ್ಮ ಕೆಡುತ್ತದೆ ಅಂತ ಜೋರಾಗಿ ಬೈದ. ದೊಡ್ಡಮ್ಮ ಹೆದರಿ ಅಳಲು ಶುರು ಮಾಡಿದರು. ಅವರಿಬ್ಬರನ್ನೂ ಮೊದಲು ಕೆಳಗಿಳಿಸಿದೆ.

ದುಡ್ಡು ಹೋದದ್ದಕ್ಕಿಂತ ಜಾಸ್ತಿ ಸಂಕಟ ಆಗಿದ್ದು ಆ ರಾತ್ರಿ. ಅಮ್ಮ ಊಟ ಮಾಡಲಿಲ್ಲ. ನಾನು ಕಡಿಮೆ ಕೊಟ್ಟೆನೇನೋ, ನಿಮ್ಮಪ್ಪನಿಗೆ ಅಲ್ಲಿ ತೊಂದರೆ ಆಗುತ್ತಾ ಅಂತ ಕೇಳುತ್ತಲೇ ಇದ್ದರು. ಮನಸ್ಸು ಹಗುರ ಮಾಡಿಕೊಳ್ಳಲು ಅಷ್ಟು ದೂರ ಬಂದವರ ತಲೆಯಲ್ಲಿ ಇಂಥದ್ದನ್ನು ತುಂಬುತ್ತಾರಲ್ಲ, ಅದನ್ನು ನನ್ನಿಂದ ಕ್ಷಮಿಸಲು ಆಗಲ್ಲ.

ಅಲ್ಲಿ ನಿಜವಾಗಿ ನಡೆಯುವುದು ಹೀಗೆ, ಮನೆಯ ಹಿರಿಯರಿಗೆ ಮೊದಲೇ ಹೇಳಿಟ್ಟಿರಿ. ಮಣಿಕರ್ಣಿಕಾದಲ್ಲಿ ಹಗಲೂ ರಾತ್ರಿ ಶವ ಸುಡುತ್ತಾರೆ. ಸೌದೆಯನ್ನು ದೊಡ್ಡ ತಕ್ಕಡಿಯಲ್ಲಿ ತೂಗಿ ಮಾರುವ ಅಂಗಡಿಗಳು ಅಲ್ಲೇ ಇವೆ, ಸತ್ತವರ ಮನೆಯವರೇ ಕೊಂಡುಕೊಳ್ಳುತ್ತಾರೆ. ಚಿತೆಗೆ ಬೆಂಕಿ ಕೊಡುವವರು ಡೋಮ್ ಸಮುದಾಯದವರು, ಅವರ ಲೆಕ್ಕವೂ ಆ ಮನೆಯವರ ಜೊತೆಗೇ. ದಾರಿಯಲ್ಲಿ ಹೋಗುವ ಯಾತ್ರಿಕರು ಅಲ್ಲಿ ಯಾರಿಗೂ ಏನೂ ಕೊಡಬೇಕಾಗಿಲ್ಲ. ಸೌದೆಗೆ ದುಡ್ಡಿಲ್ಲದವರಿಗೆ ಹರಿಶ್ಚಂದ್ರ ಘಾಟ್‌ನಲ್ಲಿ ಸೌದೆ ಬೇಡದ ಚಿತಾಗಾರವೂ ಇದೆ. ನೋಡಲೇಬೇಕು ಅನ್ನಿಸಿದರೆ ದೂರದಲ್ಲಿ ನಿಂತು, ಮೊಬೈಲ್ ಒಳಗಿಟ್ಟು, ಕೈಮುಗಿದು ಬನ್ನಿ. ತೀರಿಹೋದವರ ಹೆಸರಲ್ಲಿ ಏನಾದರೂ ಕೊಡಬೇಕು ಅನ್ನುವ ಮನಸ್ಸಿದ್ದರೆ ವಿಶ್ವನಾಥನ ಗುಡಿ ಹತ್ತಿರವೇ ಇರುವ ಅನ್ನಪೂರ್ಣೆ ದೇವಸ್ಥಾನದಲ್ಲಿ ಅನ್ನದಾನಕ್ಕೆ ಕೊಡಿ, ರಸೀದಿ ಕೇಳಿ ತಗೊಳ್ಳಿ.

ಇನ್ನೂ ಕೆಲವು ವಿಷಯ ಇವೆ, ಬೇಗ ಹೇಳಿಬಿಡುತ್ತೇನೆ. ವಿಶ್ವನಾಥ ದೇವಸ್ಥಾನದೊಳಗೆ ಮೊಬೈಲ್ ಬಿಡಲ್ಲ. ಇದನ್ನೇ ಇಟ್ಟುಕೊಂಡು ಗಲ್ಲಿಯ ಅಂಗಡಿಯವರು ಲಾಕರ್ ಫ್ರೀ, ಬನ್ನಿ ಅಂತ ಕರೆಯುತ್ತಾರೆ. ಒಳಗೆ ಹೋಗಿ ಚಪ್ಪಲಿ, ಮೊಬೈಲ್ ಇಟ್ಟು ಕೀಲಿ ಕೈಗೆ ಬಂದ ಮೇಲೆ ಹೂವು, ಹಾಲು, ಪೇಡೆ ಇರುವ ತಟ್ಟೆ ಮುಂದಿಡುತ್ತಾರೆ, ರೇಟು ಕೇಳಿದರೆ ಎದೆ ಧಸಕ್ ಅನ್ನಬೇಕು. ಬೇಡ ಅಂದರೆ ಮುಖವೇ ಬದಲಾಗುತ್ತದೆ. ಮೊಬೈಲ್ ರೂಮಲ್ಲೇ ಬಿಟ್ಟು ಹೋಗುವುದು ಎಲ್ಲಕ್ಕಿಂತ ಒಳ್ಳೆಯದು. ಬೇಗ ದರ್ಶನ ಮಾಡಿಸುತ್ತೇನೆ ಅಂತ ಬರುವವರನ್ನೂ ನಂಬಬೇಡಿ. ‘ಸುಗಮ ದರ್ಶನ’ದ ಟಿಕೆಟನ್ನು ದೇವಸ್ಥಾನದ ಟ್ರಸ್ಟೇ ತನ್ನ ವೆಬ್‌ಸೈಟ್‌ನಲ್ಲೂ ಕೌಂಟರ್‌ನಲ್ಲೂ ಕೊಡುತ್ತದೆ.

ದೋಣಿ ಹತ್ತುವ ಮೊದಲು ಮೂರು ಮಾತು ಗಟ್ಟಿ ಮಾಡಿಕೊಳ್ಳಿ: ತಲೆಗೆ ಎಷ್ಟೋ ಇಡೀ ದೋಣಿಗೆ ಎಷ್ಟೋ, ಎಲ್ಲಿಂದ ಎಲ್ಲಿಯವರೆಗೆ, ವಾಪಸ್ ಇದೇ ಘಾಟ್‌ಗೆ ತಂದು ಬಿಡುತ್ತಾರೋ ಇಲ್ಲವೋ. ನಮ್ಮ ದೋಣಿಯವನು ನಡು ನೀರಲ್ಲಿ ಹುಟ್ಟು ನಿಲ್ಲಿಸಿ ರೇಟು ಬದಲಾಯಿಸಿದ. ಸಂಜೆ ಗಂಗಾ ಆರತಿಗೆ ದೋಣಿ ಬೇಕೇ ಬೇಕು ಅಂತೇನಿಲ್ಲ, ಸ್ವಲ್ಪ ಬೇಗ ಹೋದರೆ ದಶಾಶ್ವಮೇಧದ ಮೆಟ್ಟಿಲ ಮೇಲೆ ಸುಮ್ನೆ ಕೂತು ಪುಕ್ಕಟೆಯಾಗಿ ನೋಡಬಹುದು. ಜನರ ನೂಕುನುಗ್ಗಲು ಆಗದವರು ಬೆಳಗಿನ ಜಾವ ಅಸ್ಸಿ ಘಾಟ್‌ನ ಆರತಿಗೆ ಹೋಗಿ, ಅಮ್ಮನಿಗೆ ಇಡೀ ಪ್ರವಾಸದಲ್ಲಿ ಹಿಡಿಸಿದ್ದು ಅದೇ.

ಇವತ್ತು ಅದು ಮುಚ್ಚಿದೆ, ಇದು ಮುಚ್ಚಿದೆ ಅಂತ ಹೇಳಿ ಸೀರೆ ಅಂಗಡಿಗೆ ತಿರುಗಿಸುವ ಆಟೋದವರೂ ಇದ್ದಾರೆ. ಸಾರನಾಥದ ಮ್ಯೂಸಿಯಂಗೆ ಶುಕ್ರವಾರ ರಜೆ, ಅದು ನಿಜ. ಉಳಿದ ದಿನ ಯಾರಾದರೂ ಹಾಗೆ ಹೇಳಿದರೆ ಬಾಗಿಲವರೆಗೆ ಹೋಗಿ ನೀವೇ ನೋಡಿ, ಅಶೋಕನ ನಾಲ್ಕು ಸಿಂಹಗಳು ಇರುವುದು ಅಲ್ಲೇ. ಬನಾರಸಿ ಸೀರೆ ತಗೊಳ್ಳುವುದಾದರೆ ಸಿಲ್ಕ್ ಮಾರ್ಕ್, ಹ್ಯಾಂಡ್‌ಲೂಮ್ ಮಾರ್ಕ್ ಎರಡೂ ಕೇಳಿ. ಮಷೀನಲ್ಲಿ ನೇಯ್ದ ಸೀರೆಯನ್ನು ಕೈಮಗ್ಗದ್ದು ಅಂತ ಮಾರುವುದು ಅಲ್ಲಿ ಧಾರಾಳ.

ಕಾಶಿಯಲ್ಲಿ ಒಳ್ಳೆಯವರಿಗೆ ಬರ ಇಲ್ಲ. ಜಂಗಮವಾಡಿ ಮಠ ಇದೆ, ಹನುಮಾನ್ ಘಾಟ್, ಕೇದಾರ ಘಾಟ್ ಕಡೆ ದಕ್ಷಿಣದವರ ಮಠಗಳೂ ಛತ್ರಗಳೂ ಇವೆ. ಪಿಂಡ ಪ್ರದಾನ ಮಾಡಿಸುವುದಿದ್ದರೆ ಇಂಥ ಕಡೆ ಹೋಗಿ ಕೇಳಿ, ಮೊದಲೇ ದಕ್ಷಿಣೆ ಮಾತಾಡಿಕೊಂಡು ಬುಕ್ ಮಾಡಿಕೊಳ್ಳಿ.

ಮುಖ್ಯವಾಗಿ ಇದು ಗುಂಪಿನ ಜೊತೆ ಕಾಶಿಗೆ ಹೊರಟಿರುವ ಹಿರಿಯರಿಗೆ ತಲುಪಬೇಕು. 2022ರಿಂದ ಬೆಂಗಳೂರಿನಿಂದ ಭಾರತ್ ಗೌರವ್ ರೈಲು ಹೋಗುತ್ತಿದೆ, ಸರ್ಕಾರದ ಸಹಾಯಧನವೂ ಇದೆ, ಹಾಗಾಗಿ ಮಕ್ಕಳಿಲ್ಲದೆ ತಾವೇ ಹೋಗುವವರು ಜಾಸ್ತಿ ಆಗಿದ್ದಾರೆ. ಅವರು ಫೇಸ್‌ಬುಕ್ಕು ನೋಡಲ್ಲ. ಹೊರಡುವ ಮೊದಲು ಕೂರಿಸಿಕೊಂಡು ಓದಿ ಹೇಳಿ. ಪರ್ಸ್‌ನಲ್ಲಿ ಆ ದಿನದ ಖರ್ಚಿಗೆ ಬೇಕಾದಷ್ಟೇ ಇಟ್ಟುಕೊಳ್ಳಲಿ. ಯಾರಾದರೂ ಅಡ್ಡ ನಿಂತರೆ ಜೋರಾಗಿ ಕೂಗಿ ಜನ ಸೇರಿಸಲಿ, 112ಕ್ಕೆ ಫೋನ್ ಮಾಡಲಿ, ದಶಾಶ್ವಮೇಧ ಘಾಟ್‌ನಲ್ಲಿ ಜಲ ಪೊಲೀಸರ ಚೌಕಿಯೂ ಇದೆ. ನಿಮಗೂ ಅಲ್ಲಿ ಇಂಥದ್ದು ಆಗಿದ್ದರೆ ಯಾವ ಘಾಟ್, ಏನು ಹೇಳಿ ಕರೆದರು ಅಂತ ಕೆಳಗೆ ಬರೆಯಿರಿ.