ಹಸಿವು ಸಾಯಿಸುವ ‘ಗಿಡಮೂಲಿಕೆ’ ಕ್ಯಾಪ್ಸೂಲ್: ಗಲ್ಫ್‌ನಲ್ಲಿರುವವರೂ ಅವರಿಗೆ ಪಾರ್ಸೆಲ್ ಕಳಿಸುವವರೂ ಓದಿ

ರಜೆ ಮುಗಿಸಿ ಗಲ್ಫ್‌ಗೆ ಹೊರಡುವ ನಮ್ಮ ಉಡುಪಿ, ಮಂಗಳೂರು ಕಡೆಯವರ ಬ್ಯಾಗಿನಲ್ಲಿ ಹಪ್ಪಳ, ಉಪ್ಪಿನಕಾಯಿ, ಕುಚ್ಚಲಕ್ಕಿಯ ಜೊತೆಗೆ ಈಗ ಇನ್ನೊಂದು ವಸ್ತು ಸೇರಿಕೊಂಡಿದೆ: ತೂಕ ಇಳಿಸುವ ಗಿಡಮೂಲಿಕೆ ಕ್ಯಾಪ್ಸೂಲ್. ನುಂಗಿದರೆ ಹಸಿವೇ ಆಗುವುದಿಲ್ಲ ಎಂಬುದು ಅದರ ಪ್ರಚಾರ. ಅದರಿಂದ ನನ್ನ ತಂಗಿಗೆ ಆದದ್ದನ್ನು ಅವಳ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ.

ಅವಳು ಇರುವುದು ಮಸ್ಕತ್‌ನಲ್ಲಿ. ಎರಡನೆಯ ಹೆರಿಗೆಯ ನಂತರ ಏರಿದ ತೂಕ ಇಳಿಯಲೇ ಇಲ್ಲ. ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ದಾಟುವ ಊರು ಅದು. ಮನೆಯ ಏಸಿಯಿಂದ ಕಾರಿನ ಏಸಿ, ಅಲ್ಲಿಂದ ಅಂಗಡಿಯ ಏಸಿ. ಕಾಲಿಗೆ ಕೆಲಸವೇ ಇಲ್ಲ. ದಿನಕ್ಕೆ ಮೂರು ನಾಲ್ಕು ಬಾರಿ ದಪ್ಪ ಹಾಲು, ಸಕ್ಕರೆ ಹಾಕಿದ ಕರಕ್ ಚಹಾ, ರಾತ್ರಿ ಹೊತ್ತು ಮೀರಿ ಊಟ. ಮದುವೆಗೆಂದು ಊರಿಗೆ ಬಂದಾಗ ಚಪ್ಪರದಲ್ಲೇ ಒಬ್ಬರು, “ಏನು ಮಾರಾಯ್ತಿ, ಗುರುತೇ ಸಿಗದಷ್ಟು ದಪ್ಪವಾಗಿದ್ದೀಯಲ್ಲ!” ಎಂದರು. ಇಂಥ ಮಾತು ಆಡುವವರಿಗೆ ಅದು ಪ್ರೀತಿಯ ವಿಚಾರಣೆ ಇರಬಹುದು. ಕೇಳಿಸಿಕೊಂಡವಳು ಆ ಮಾತನ್ನು ಮಸ್ಕತ್‌ವರೆಗೂ ಹೊತ್ತುಕೊಂಡು ಹೋದಳು.

ಅಲ್ಲಿ ಅವಳ ವಾಟ್ಸ್ಆ್ಯಪ್ ಗುಂಪಿನಲ್ಲಿದ್ದ ನಮ್ಮದೇ ಕಡೆಯ ಮಹಿಳೆಯೊಬ್ಬರು ಈ ಕ್ಯಾಪ್ಸೂಲ್ ಮಾರುತ್ತಿದ್ದರು. ಆ ಡಬ್ಬಿಯನ್ನು ನಾನು ಆಮೇಲೆ ಕೈಯಲ್ಲಿ ಹಿಡಿದು ನೋಡಿದ್ದೇನೆ. ಹಸಿರು ಬಣ್ಣ, ಮೇಲೊಂದು ಎಲೆಯ ಚಿತ್ರ, ಗಾರ್ಸಿನಿಯಾ ಎಂಬ ಹುಳಿಹಣ್ಣಿನ ಹೆಸರು, ಅಡ್ಡಪರಿಣಾಮವಿಲ್ಲ ಎಂಬ ಭರವಸೆ. ತಯಾರಕರ ವಿಳಾಸವಿಲ್ಲ, ಪರವಾನಗಿ ಸಂಖ್ಯೆಯಿಲ್ಲ, ಬ್ಯಾಚ್ ಸಂಖ್ಯೆಯಿಲ್ಲ. ಅವಧಿ ಮುಗಿಯುವ ದಿನಾಂಕವನ್ನು ಬೇರೊಂದು ಚೀಟಿಯಲ್ಲಿ ಮುದ್ರಿಸಿ ಅಂಟಿಸಿದ್ದರು. ಉಗುರು ತಾಗಿಸಿದರೆ ಏಳುವಂತಿತ್ತು.

ನುಂಗಲು ತೊಡಗಿದ ಒಂದೆರಡು ದಿನಗಳಲ್ಲೇ ಹಸಿವು ಹೋಯಿತು. ಮಕ್ಕಳಿಗೆ ಬಡಿಸಿ ತಾನು ಉಣ್ಣುವುದನ್ನೇ ಮರೆಯುತ್ತಿದ್ದಳಂತೆ. ತೂಕವೂ ಇಳಿಯಿತು. ಆಮೇಲೆ ಬಾಯಿ ಒಣಗಿತು, ನಿದ್ದೆ ಹಾರಿತು, ಮಲಗಿದರೆ ಎದೆ ಡವಗುಟ್ಟುವುದು ಕಿವಿಗೆ ಕೇಳತೊಡಗಿತು. ಮಾರಿದವರನ್ನು ಕೇಳಿದರೆ, “ಕೊಬ್ಬು ಕರಗುವಾಗ ಹಾಗಾಗುತ್ತದೆ, ನೀರು ಜಾಸ್ತಿ ಕುಡಿಯಿರಿ” ಎಂಬ ಉತ್ತರ. ಈ ಮಾತು ನೆನಪಾದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ದೇಹ ಕೂಗಿ ಹೇಳುತ್ತಿದ್ದುದನ್ನು ಮದ್ದು ಕೆಲಸ ಮಾಡುತ್ತಿರುವ ಲಕ್ಷಣವೆಂದು ನಂಬಿಸಿದರು.

ಮುಂದಿನ ರಜೆಗೆ ಬಂದವಳು ಅಮ್ಮನ ಅಡುಗೆಮನೆಯಲ್ಲಿ ಕಣ್ಣು ಕತ್ತಲೆ ಬಂದು ಬಾಗಿಲ ದಾರಂದ ಹಿಡಿದು ಕುಸಿದಳು. ಆಸ್ಪತ್ರೆಯಲ್ಲಿ ನೋಡಿದರೆ ರಕ್ತದೊತ್ತಡ 170/110. ಮೊದಲು ಎಂದೂ ಬಿ.ಪಿ. ಇದ್ದವಳಲ್ಲ. ಇಸಿಜಿ ಮಾಡಿಸಿದ ಡಾಕ್ಟರು ಡಬ್ಬಿ ತರಿಸಿ ನೋಡಿ, “ಹುಳಿಯ ಸಿಪ್ಪೆಯಿಂದ ಹಸಿವು ಹೀಗೆ ಸಾಯುವುದಿಲ್ಲ. ಇದರೊಳಗೆ ಬೇರೇನೋ ಬೆರೆಸಿರಬೇಕು” ಎಂದರು. ಅವರ ಅನುಮಾನ ಸಿಬುಟ್ರಮೀನ್ ಮೇಲಿತ್ತು. ಕ್ಯಾಪ್ಸೂಲ್ ನಿಲ್ಲಿಸಿದ ಮೇಲೆ ಬಿ.ಪಿ. ನಿಧಾನವಾಗಿ ಹತೋಟಿಗೆ ಬಂತು.

ಆ ಹೆಸರನ್ನು ನೆನಪಿಟ್ಟುಕೊಳ್ಳಿ. ಸಿಬುಟ್ರಮೀನ್ ಮಿದುಳಿನ ಮೇಲೆ ಕೆಲಸ ಮಾಡಿ ಹಸಿವು ತಗ್ಗಿಸುವ ರಾಸಾಯನಿಕ ಔಷಧ. ಜೊತೆಗೆ ರಕ್ತದೊತ್ತಡವನ್ನೂ ನಾಡಿಬಡಿತವನ್ನೂ ಏರಿಸುತ್ತದೆ. ಹೃದ್ರೋಗ ಇದ್ದವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನ ಅಪಾಯ ಹೆಚ್ಚಿಸುತ್ತದೆಂದು ದೊಡ್ಡ ಅಧ್ಯಯನವೊಂದರಲ್ಲಿ ಕಂಡುಬಂದ ಮೇಲೆ 2010ರಲ್ಲಿ ಯುರೋಪ್ ಮತ್ತು ಅಮೆರಿಕದ ಮಾರುಕಟ್ಟೆಯಿಂದ ಅದು ಹೊರಬಿತ್ತು. ಭಾರತದಲ್ಲಿ 2011ರಲ್ಲಿ ನಿಷೇಧವಾಯಿತು. ಆದರೆ ಗಿಡಮೂಲಿಕೆಯ ಹೆಸರಿನ ಕ್ಯಾಪ್ಸೂಲ್‌ಗಳಲ್ಲಿ ಗುಟ್ಟಾಗಿ ಬೆರೆಸಿರುವುದು ಪರೀಕ್ಷೆಗಳಲ್ಲಿ ಇಂದಿಗೂ ಸಿಗುತ್ತಲೇ ಇದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಬಗ್ಗೆ ಮತ್ತೆ ಮತ್ತೆ ಎಚ್ಚರಿಕೆ ಕೊಟ್ಟಿದೆ. ಆದ್ದರಿಂದ ಮೂಲಿಕೆ ಎಂದು ಕೊಟ್ಟದ್ದು ಎರಡೇ ದಿನದಲ್ಲಿ ಹಸಿವನ್ನು ಅಳಿಸಿಹಾಕಿದರೆ ಖುಷಿಪಡಬೇಡಿ, ಭಯಪಡಿ.

ಹಾಗಾದರೆ ನಿಜವಾದ ಗಾರ್ಸಿನಿಯಾ ಏನು ಮಾಡುತ್ತದೆ? ಅದು ಮಲೆನಾಡಿನ ಉಪ್ಪಾಗೆ, ನಮ್ಮ ಪುನರ್ಪುಳಿಯ ಹತ್ತಿರದ ಸಂಬಂಧಿ. ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ತೂಕ ಇಳಿಸುತ್ತದೆ ಎಂಬ ಸುದ್ದಿಯನ್ನು 1998ರಲ್ಲೇ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪರೀಕ್ಷಿಸಿದರು. ಮದ್ದೇ ಇಲ್ಲದ ಖಾಲಿ ಮಾತ್ರೆ ನುಂಗಿದವರಿಗಿಂತ ಗಮನಾರ್ಹವಾದ ವ್ಯತ್ಯಾಸವೇನೂ ಕಾಣಲಿಲ್ಲ. ಗಾರ್ಸಿನಿಯಾ ಇರುವ ಮಾತ್ರೆಗಳಿಂದ ಲಿವರ್ ಕೆಟ್ಟ ಪ್ರಕರಣಗಳಂತೂ ವೈದ್ಯಕೀಯ ದಾಖಲೆಗಳಲ್ಲಿವೆ. ಸಾರಿಗೆ ಹಾಕುವ ನಾಲ್ಕು ಸಿಪ್ಪೆ ಬೇರೆ, ದಿನವೂ ಸಾಂದ್ರ ಸತ್ವ ನುಂಗುವುದು ಬೇರೆ. ‘ಸ್ಲಿಮ್ಮಿಂಗ್ ಟೀ’ಗಳಲ್ಲಿ ಸಾಮಾನ್ಯವಾಗಿ ಇರುವುದು ಸೋನಾಮುಖಿ, ಅಂದರೆ ಭೇದಿಯ ಮದ್ದು. ಅದರಿಂದ ತೂಕದ ಯಂತ್ರದಲ್ಲಿ ಇಳಿಯುವುದು ನೀರು. ಹೆಚ್ಚು ದಿನ ಕುಡಿದರೆ ಪೊಟ್ಯಾಶಿಯಂ ಕೂಡ ಹೊರಟುಹೋಗಿ ಹೃದಯದ ಲಯಕ್ಕೇ ಕುತ್ತು.

ಆಯುರ್ವೇದದ ಮೇಲೆ ನನಗೆ ಸಿಟ್ಟಿಲ್ಲ. ಆ ದಾರಿಯೇ ಬೇಕೆಂದರೆ ಉಡುಪಿಯ ಕುತ್ಪಾಡಿಯಲ್ಲಿ ಆಯುರ್ವೇದ ಕಾಲೇಜಿನ ಆಸ್ಪತ್ರೆಯೇ ಇದೆ. ಊರಿಗೆ ಬಂದಾಗ ವೈದ್ಯರಿಗೆ ಮೈ ತೋರಿಸಿ, ಹಳೆಯ ಕಾಯಿಲೆಗಳನ್ನು ಹೇಳಿ ಮದ್ದು ತೆಗೆದುಕೊಳ್ಳಿ. ಬೊಜ್ಜು ವಾಸಿಮಾಡುತ್ತೇವೆ ಎಂದು ಔಷಧಕ್ಕೆ ಜಾಹೀರಾತು ಕೊಡುವುದನ್ನು ನಮ್ಮ ದೇಶದಲ್ಲಿ 1954ರ ಕಾನೂನೇ ನಿಷೇಧಿಸಿದೆ. ವಾಟ್ಸ್ಆ್ಯಪ್‌ನಲ್ಲಿ ಬರುವ ‘ಮೊದಲು, ಆಮೇಲೆ’ ಫೋಟೋಗಳನ್ನು ನೋಡುವಾಗ ಇದು ನೆನಪಿರಲಿ.

ತಂಗಿಯ ತೂಕ ಈಗ ಇಳಿಯುತ್ತಿದೆ, ಬಹಳ ನಿಧಾನವಾಗಿ. ಊರಿನಲ್ಲಿದ್ದಾಗಲೇ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಕಡಿಮೆ ಕೆಲಸ ಮಾಡುತ್ತಿರುವುದು ಗೊತ್ತಾಗಿ ಅದಕ್ಕೆ ಮಾತ್ರೆ ಶುರುವಾಯಿತು. ಹೆರಿಗೆಯ ನಂತರ ತೂಕ ಇಳಿಯದಿದ್ದರೆ ಮೊದಲು ಈ ಪರೀಕ್ಷೆ ಮಾಡಿಸಿ. ಆ ಡಬ್ಬಿಯ ಬೆಲೆಗೆ ಹೋಲಿಸಿದರೆ ಅದರ ಖರ್ಚು ಏನೂ ಅಲ್ಲ. ಕರಕ್ ಚಹಾ ಬೆಳಿಗ್ಗೆ ಒಂದಕ್ಕೆ ಇಳಿದಿದೆ, ಅದೂ ಸಕ್ಕರೆಯಿಲ್ಲದೆ. ಕುಚ್ಚಲಕ್ಕಿ ಅನ್ನ ಬಿಟ್ಟಿಲ್ಲ. ಒಂದು ಸೌಟು ಕಡಿಮೆ ಮಾಡಿ ಆ ಜಾಗಕ್ಕೆ ಹುರುಳಿ, ಹೆಸರುಕಾಳು, ಹರಿವೆ ಬಂದಿವೆ. ಮಸ್ಕತ್‌ನ ಮತ್ರಾ ಮಾರುಕಟ್ಟೆಯಲ್ಲಿ ಬೂತಾಯಿ, ಬಂಗುಡೆ ತಾಜಾ ಸಿಗುತ್ತವೆ. ಈಗ ಫ್ರೈ ಅಪರೂಪ, ಸಾರೇ ಹೆಚ್ಚು. ರಾತ್ರಿಯ ಊಟ ಮಕ್ಕಳ ಜೊತೆಗೇ ಮುಗಿಯುತ್ತದೆ. ಚಳಿಗಾಲದ ತಿಂಗಳುಗಳಲ್ಲಿ ಕುರುಮ್ ಕಡಲತೀರದಲ್ಲಿ ಬಿರುಸಿನ ನಡಿಗೆ, ಬೇಸಿಗೆಯಲ್ಲಿ ಮಾಲ್‌ನ ಒಳಗೆ. ವಾರಕ್ಕೆ 150 ನಿಮಿಷ ಅವಳ ಗುರಿ. ಮಧುಮೇಹದ ಅಂಚಿನಲ್ಲಿದ್ದವರ ಮೇಲೆ ನಡೆದ ಅಮೆರಿಕದ ಪ್ರಸಿದ್ಧ ಅಧ್ಯಯನವೊಂದರಲ್ಲಿ ಇಷ್ಟೇ ನಡಿಗೆ, ಊಟದ ಹಿಡಿತ, ದೇಹತೂಕದ ಶೇಕಡಾ 7ರಷ್ಟು ಇಳಿಕೆಯ ಗುರಿ ಇವುಗಳಿಂದ ಮಧುಮೇಹ ಬರುವ ಸಾಧ್ಯತೆ ಶೇಕಡಾ 58ರಷ್ಟು ತಗ್ಗಿತ್ತು. ಮಧುಮೇಹಕ್ಕೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ತಗ್ಗಿಸಿದ್ದು ಶೇಕಡಾ 31ರಷ್ಟು.

ನಿಮ್ಮವರು ಯಾರಾದರೂ ಇಂಥ ಕ್ಯಾಪ್ಸೂಲ್ ನುಂಗುತ್ತಿದ್ದರೆ ಇವತ್ತೇ ಫೋನ್ ಮಾಡಿ, ನಿದ್ದೆ ಬರುತ್ತಿದೆಯೇ, ಎದೆ ಹೊಡೆದುಕೊಳ್ಳುತ್ತಿದೆಯೇ ಎಂದು ಕೇಳಿ, ಬಿ.ಪಿ. ಅಳೆಸಲು ಹೇಳಿ. ಕ್ಯಾಪ್ಸೂಲ್ ನಿಲ್ಲಿಸಲಿ, ಡಬ್ಬಿಯನ್ನು ಮಾತ್ರ ಎಸೆಯದೆ ಡಾಕ್ಟರಿಗೆ ತೋರಿಸಲಿ. ಔಷಧದಿಂದ ತೊಂದರೆಯಾದರೆ ತಿಳಿಸಲು ಭಾರತದಲ್ಲಿ 1800-180-3024 ಎಂಬ ಉಚಿತ ಸಹಾಯವಾಣಿ ಇದೆ. ರೋಗಿಯ ಮನೆಯವರೂ ಕರೆ ಮಾಡಬಹುದು. ಊರಿನಿಂದ ಹೊರಟವರ ಕೈಯಲ್ಲಿ ಯಾರಾದರೂ ಇಂಥ ಡಬ್ಬಿ ಕೊಟ್ಟು ತಲುಪಿಸಲು ಹೇಳಿದರೆ, ದಾಕ್ಷಿಣ್ಯ ಬಿಟ್ಟು ಆಗುವುದಿಲ್ಲ ಎನ್ನಿ.